ಮಗುವಿನ ಚೀಲ: ಮಲೆನಾಡಿನ ಮಳೆಗೆ, ಬಸ್ಸಿಗೆ, ಕೆಲಸಕ್ಕೆ ಯಾವುದು ಹೊಂದುತ್ತದೆ?

ಡೈಪರ್ ಬ್ಯಾಗ್ ಯಾವುದು ತಗೊಳ್ಳಲಿ ಎಂದು ಶಾಲೆಯ ಕಿರಿಯ ಶಿಕ್ಷಕಿಯರು ಕೇಳಿದಾಗಲೆಲ್ಲ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಕೆಲಸಕ್ಕೆ ಹೋಗುವುದು ಬಸ್ಸಿನಲ್ಲೋ, ಸ್ಕೂಟರಿನಲ್ಲೋ, ಕಾರಿನಲ್ಲೋ? ಹಗಲಿಡೀ ಮಗು ಎಲ್ಲಿರುತ್ತದೆ? ರಜೆ ಮುಗಿಸಿ ನೀವು ಮರಳುವಾಗ ಅದಕ್ಕೆ ಎಷ್ಟು ತಿಂಗಳು ತುಂಬಿರುತ್ತದೆ? ಜೇಬು ಎಷ್ಟಿದೆ, ಬಣ್ಣ ಯಾವುದು, ಕಂಪನಿ ಯಾವುದು ಎಂಬುದೆಲ್ಲ ಆಮೇಲಿನ ಮಾತು. ಶಿವಮೊಗ್ಗದ ವಿನೋಬನಗರದಿಂದ ಗಾಡಿಕೊಪ್ಪಕ್ಕೆ ಸ್ಕೂಟರಿನಲ್ಲಿ ಹೋಗುವವಳಿಗೆ ಒಗ್ಗುವ ಚೀಲ, ಮಂಡಗದ್ದೆಯಲ್ಲಿ ನಿಂತು ತೀರ್ಥಹಳ್ಳಿ ಬಸ್ಸಿಗೆ ಕೈ ಮಾಡುವವಳಿಗೆ ಒಗ್ಗುವುದಿಲ್ಲ.

ಅಂಗಡಿಯಲ್ಲಿ, ಆನ್‌ಲೈನಿನಲ್ಲಿ ಸಿಗುವ ಚೀಲಗಳಲ್ಲಿ ಹೆಚ್ಚಿನವು ಕಾರು, ತಳ್ಳುಗಾಡಿ, ನುಣುಪಾದ ಫುಟ್‌ಪಾತ್ ಇರುವ ಊರುಗಳನ್ನು ನೆನೆದು ಮಾಡಿದವು. ತಳ್ಳುಗಾಡಿಗೆ ಸಿಕ್ಕಿಸುವ ಕೊಕ್ಕೆ, ಯುಎಸ್‌ಬಿ ತೂತು, ಬಿಚ್ಚಿದರೆ ಹಾಸಿಗೆಯಾಗುವ ಹಿಂಭಾಗ, ಹೀಗೆ ಒಂದೊಂದಕ್ಕೂ ನಾವು ದುಡ್ಡು ಕೊಡುತ್ತೇವೆ, ಒಂದೊಂದರ ಭಾರವನ್ನೂ ಹೊರುತ್ತೇವೆ. ನಮಗೆ ಬೇಕಾದದ್ದು ಬೇರೆ: ನೆನೆದರೆ ರಾತ್ರಿ ಕಳೆಯುವುದರೊಳಗೆ ಒಣಗಬೇಕು, ಒಂದೇ ಕೈಯಲ್ಲಿ ತೆರೆಯಲು ಬರಬೇಕು, ತುಂಬಿದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಬೇಕು.

ಕೊಳ್ಳುವುದು ಯಾವಾಗ?

ಸೀಮಂತ ಮುಗಿಯುತ್ತಿದ್ದಂತೆ ಚೀಲ ಕೊಳ್ಳುವವರೇ ಹೆಚ್ಚು. ನನ್ನ ಸಲಹೆ, ಕೆಲಸಕ್ಕೆ ಮರಳಲು ಹದಿನೈದು ದಿನ ಇರುವಾಗ ಕೊಳ್ಳಿ. ಹೆರಿಗೆಗೆ ಆಸ್ಪತ್ರೆಗೆ ಹೊರಡಲು ಮನೆಯಲ್ಲಿರುವ ಏರ್‌ಬ್ಯಾಗ್ ಸಾಕು. ಬಾಣಂತನದಲ್ಲಿ ತಾಯಿ ಮಗು ಹೊರಗೆ ಹೋಗುವುದು ಹೆಚ್ಚಾಗಿ 6, 10, 14ನೇ ವಾರದ ಚುಚ್ಚುಮದ್ದಿಗೆ. ತಾಯಿ ಕಾರ್ಡು, ನಾಲ್ಕಾರು ಲಂಗೋಟಿ, ಒಂದು ಜೊತೆ ಬಟ್ಟೆ, ಕುಲಾವಿ, ಹೊದಿಸಲು ಹಳೆಯ ಹತ್ತಿ ಸೀರೆಯ ತುಂಡು ಹಿಡಿಸುವ ಯಾವ ಚೀಲವೂ ಅದಕ್ಕೆ ಆಗುತ್ತದೆ.

ಹದಿನೈದು ದಿನದ ಮಾತು ಯಾಕೆಂದರೆ, ನೀವು ಮರಳುವ ಹೊತ್ತಿಗೆ ಮಗುವಿನ ವಯಸ್ಸು ಎಷ್ಟಿರುತ್ತದೋ ಅದೇ ಚೀಲವನ್ನು ನಿರ್ಧರಿಸುತ್ತದೆ. ಹೆರಿಗೆ ಸೌಲಭ್ಯದ ಕಾನೂನಿನಂತೆ, ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಸಿಗುತ್ತದೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ರಾಜ್ಯ ಸರ್ಕಾರಿ ನೌಕರರಿಗೆ 180 ದಿನ. ಪೂರ್ತಿ ರಜೆಯನ್ನು ಹೆರಿಗೆಯ ನಂತರಕ್ಕೆ ಉಳಿಸಿಕೊಂಡವಳ ಮಗುವಿಗೆ ಆರು ತಿಂಗಳಾಗಿರುತ್ತದೆ, ರಾಗಿ ಸರಿ ಶುರುವಾಗುವ ಕಾಲ. 8 ವಾರ ಮೊದಲೇ ಬಳಸಿದವಳ ಮಗುವಿಗೆ ಆಗಿನ್ನೂ ನಾಲ್ಕು ತಿಂಗಳು ದಾಟಿರುತ್ತದೆ ಅಷ್ಟೆ. ಆರು ತಿಂಗಳು ತುಂಬುವ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಎರಡನೆಯವಳು ಹೊರಬೇಕಾದ್ದು ಹಾಲು ಹಿಂಡುವ ಪಂಪು, ಹಾಲಿನ ಬಾಟಲಿ, ಐಸ್ ಪ್ಯಾಕು. ಮೊದಲನೆಯವಳು ಹೊರಬೇಕಾದ್ದು ಸ್ಟೀಲ್ ಡಬ್ಬಿ, ಚಮಚ, ನೀರು, ಹೆಚ್ಚಿಗೆ ಒಂದು ಜೊತೆ ಬಟ್ಟೆ. ಒಬ್ಬಳಿಗೆ ತಂಪು ಉಳಿಸುವ ಖಾನೆ ಬೇಕೇ ಬೇಕು. ಇನ್ನೊಬ್ಬಳಿಗೆ ಆ ಖಾನೆ ಸುಮ್ಮನೆ ಜಾಗ ತಿನ್ನುತ್ತದೆ.

ಇದೇ ಕಾನೂನಿನಲ್ಲಿ ಇನ್ನೆರಡು ಸಂಗತಿಗಳಿವೆ, ಎಲ್ಲ ತಾಯಂದಿರಿಗೂ ಗೊತ್ತಿರಬೇಕು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಚೀಲ ಹುಡುಕುವ ಮೊದಲು ನಿಮ್ಮ ಕಚೇರಿಯಲ್ಲಿ ಇದನ್ನು ಕೇಳಿ. ಮಗು ಹತ್ತಿರವೇ ಇದ್ದರೆ ಹೊರುವ ಸಾಮಾನಿನ ಅರ್ಧ ಅಲ್ಲೇ ಕಡಿಮೆಯಾಗುತ್ತದೆ.

ಹಗಲು ಮಗು ಎಲ್ಲಿರುತ್ತದೆ?

ಹೆಚ್ಚು ದುಡ್ಡು ಉಳಿಯುವುದು, ಹೆಚ್ಚು ಬೆನ್ನುನೋವು ತಪ್ಪುವುದು ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಿಕೊಂಡರೆ.

ಮಗು ಅಮ್ಮನ ಮನೆಯಲ್ಲೋ ಅತ್ತೆಯ ಹತ್ತಿರವೋ ಇರುವುದಾದರೆ ದೊಡ್ಡ ಡೈಪರ್ ಬ್ಯಾಗ್ ಬೇಡವೇ ಬೇಡ. ಡೈಪರ್ ಕಟ್ಟು, ಬಟ್ಟೆ, ಎಣ್ಣೆ, ಜ್ವರದ ಔಷಧಿ, ರಾಗಿ ಹಿಟ್ಟು, ಒಳಲೆ ಎಲ್ಲದರ ಎರಡನೇ ಸೆಟ್ಟನ್ನು ಆ ಮನೆಯಲ್ಲೇ ಇಟ್ಟುಬಿಡಿ. ದಿನವೂ ಹೋಗಿ ಬರಬೇಕಾದ್ದು ನಿಮ್ಮ ಮಾಮೂಲು ವ್ಯಾನಿಟಿ ಬ್ಯಾಗಿನೊಳಗೆ ಕೂರುವ ಒಂದು ಜಿಪ್ ಪೌಚ್ ಮಾತ್ರ: ದಾರಿಗೆ ಎರಡು ಡೈಪರ್, ಒರೆಸುವ ಬಟ್ಟೆ, ಒಂದು ಅಂಗಿ, ಒಂದು ಖಾಲಿ ಪ್ಲಾಸ್ಟಿಕ್ ಕವರ್. ನನ್ನ ಮಗಳು ಹಗಲು ನನ್ನ ಅಮ್ಮನ ಹತ್ತಿರ ಬೆಳೆದಳು, ನಾನು ಬಸ್ಸಿನಲ್ಲಿ ಓಡಾಡಿದೆ; ನಮಗೆ ನಡೆದದ್ದು ಈ ಏರ್ಪಾಡು. ಎರಡು ಸೆಟ್ ಎಂದರೆ ಎರಡರಷ್ಟು ಖರ್ಚು ಎಂದು ಹೆದರಬೇಡಿ. ಡೈಪರು, ಹಿಟ್ಟು ಖರ್ಚಾಗುವುದು ಎಲ್ಲಿಟ್ಟರೂ ಅಷ್ಟೇ. ಹೆಚ್ಚಿಗೆ ಕೊಳ್ಳಬೇಕಾದ್ದು ಬಟ್ಟಲು, ಚಮಚ, ಎರಡು ಜೊತೆ ಬಟ್ಟೆ.

ಬೇಬಿ ಸಿಟ್ಟಿಂಗಿಗೋ ಪಂಚಾಯಿತಿಯ ಕೂಸಿನ ಮನೆಗೋ ಬಿಡುವುದಾದರೆ ಲೆಕ್ಕ ಬೇರೆ. ಅಲ್ಲಿ ಚೀಲ ಮಗುವಿನ ಜೊತೆ ಉಳಿಯುತ್ತದೆ, ನಿಮ್ಮ ಜೊತೆ ಬರುವುದಿಲ್ಲ. ನಿಮ್ಮ ಪರ್ಸು, ಫೋನು, ಟಿಫಿನ್ ಡಬ್ಬಿ ಅದರಲ್ಲಿ ಇರಕೂಡದು. ‘ಆಫೀಸಿಗೂ ಮಗುವಿಗೂ ಒಂದೇ ಬ್ಯಾಗ್’ ಎಂದು ಮಾರುವವು ಇಲ್ಲಿ ಉಪಯೋಗಕ್ಕೆ ಬಾರವು. ಹೊರಗೆ ಮಗುವಿನ ಹೆಸರು ಬರೆದ, ಒಳಗೆ ಎರಡೇ ದೊಡ್ಡ ಖಾನೆ ಇರುವ ಸರಳ ಚೀಲ ಕೊಡಿ. ನೋಡಿಕೊಳ್ಳುವ ಆಯಾ ಹತ್ತು ಮಕ್ಕಳ ನಡುವೆ ಹನ್ನೆರಡು ಜಿಪ್ ತೆಗೆದು ಹುಡುಕಲಾರಳು. ಡೈಪರ್ ಒಂದು ಕಡೆ, ಊಟದ್ದು ಇನ್ನೊಂದು ಕಡೆ, ಮುಗಿಯಿತು.

ಮಗುವನ್ನೇ ಕೆಲಸದ ಜಾಗಕ್ಕೆ ಕರೆದೊಯ್ಯುವವರು, ಅಂಗಡಿ ಇಟ್ಟುಕೊಂಡವರು, ತಿಂಗಳಿಗೆ ಹಲವು ಸಲ ತವರಿಗೋ ಮಣಿಪಾಲದ ಆಸ್ಪತ್ರೆಗೋ ಹೋಗಬೇಕಾದವರು, ಇವರಿಗೆ ಮಾತ್ರ ಪೂರ್ತಿ ಪ್ರಮಾಣದ ಡೈಪರ್ ಬ್ಯಾಗ್ ಬೇಕು.

ಬಗೆಗಳ ಹೋಲಿಕೆ

ಬೆನ್ನಿಗೆ ಹಾಕುವ ಬ್ಯಾಗು ಈಗ ಎಲ್ಲರ ಆಯ್ಕೆ. ಎರಡೂ ಕೈ ಖಾಲಿ, ಭಾರ ಎರಡೂ ಹೆಗಲಿಗೆ ಹಂಚಿಹೋಗುತ್ತದೆ. ಸಿಸೇರಿಯನ್ ಆಗಿ ಕೆಲವೇ ತಿಂಗಳಾದವರಿಗೆ, ಮೊದಲೇ ಸೊಂಟನೋವು ಇರುವವರಿಗೆ ಇದು ದೊಡ್ಡ ಅನುಕೂಲ. ಇದರಲ್ಲೂ ಎರಡು ಬಗೆ. ಶಾಲೆ ಮಕ್ಕಳ ಬ್ಯಾಗಿನಂತೆ ಮೇಲಿಂದ ಮಾತ್ರ ತೆರೆಯುವುದು ಒಂದು. ಬಾಯಿಗೆ ತಂತಿ ಹಾಕಿ ಅಗಲಕ್ಕೆ ತೆರೆದು ನಿಲ್ಲುವುದು ಇನ್ನೊಂದು. ಎರಡನೆಯದನ್ನೇ ಆರಿಸಿ. ತಳದಲ್ಲಿ ಏನಿದೆ ಎಂದು ನಿಂತಲ್ಲಿಂದಲೇ ಕಾಣುತ್ತದೆ. ಬೆನ್ನಿಗೆ ತಾಗುವ ಕಡೆಯಿಂದ ಇನ್ನೊಂದು ಜಿಪ್ ಇದ್ದರೆ ಮತ್ತೂ ಒಳ್ಳೆಯದು.

ಆದರೆ ಬಸ್ಸಿನಲ್ಲಿ ಇದಕ್ಕೆ ತೊಡಕಿದೆ. ಎದೆಗೆ ಮಗು, ಬೆನ್ನಿಗೆ ಚೀಲ ಎಂದರೆ ಎರಡು ಆಳಿನ ಜಾಗ. ಕೂತ ಮೇಲೆ ಚೀಲ ಬೆನ್ನಿನಿಂದ ಬಿಚ್ಚಬೇಕು, ಅದಕ್ಕೆ ಮಗುವನ್ನು ಪಕ್ಕದವರ ಕೈಗೆ ಕೊಡಬೇಕು. ನಮ್ಮ ಕಡೆ ಪಕ್ಕದವರು ಕೇಳುವ ಮೊದಲೇ ಕೈ ಚಾಚುತ್ತಾರೆ, ನಿಜ. ಆದರೂ ಆಗುಂಬೆ ಘಾಟಿಯ ತಿರುವಿನಲ್ಲಿ ಮಗು ಕಾರಿಕೊಂಡಾಗ ಬಟ್ಟೆ ತಕ್ಷಣ ಕೈಗೆ ಸಿಗಬೇಕು. ಬಸ್ಸಿಗೆ ಬ್ಯಾಕ್‌ಪ್ಯಾಕ್ ಒಯ್ಯುವುದೇ ಆದರೆ ಬಟ್ಟೆ, ಒರೆಸುವ ತುಂಡು, ಕವರ್ ಮೂರನ್ನೂ ಒಂದು ಸಣ್ಣ ಸಂಚಿಯಲ್ಲಿ ಹಾಕಿ ಬೇರೆಯಾಗಿ ಕೈಯಲ್ಲಿಟ್ಟುಕೊಳ್ಳಿ.

ಅಡ್ಡಕ್ಕೆ ಹಾಕುವ ಚೀಲ, ಅಂದರೆ ಒಂದು ಹೆಗಲಿನಿಂದ ಎದುರಿನ ಸೊಂಟಕ್ಕೆ ಇಳಿಯುವುದು, ಬಸ್ಸಿನಲ್ಲಿ ಓಡಾಡುವವರಿಗೆ ಎಲ್ಲಕ್ಕಿಂತ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಕೂತರೆ ತಾನಾಗಿ ತೊಡೆಯ ಮೇಲೆ ಬರುತ್ತದೆ, ಮಗುವನ್ನು ಹಿಡಿದ ಕೈ ಬಿಡದೆ ಇನ್ನೊಂದು ಕೈಯಲ್ಲಿ ತೆರೆಯಬಹುದು. ಹೊರಗಡೆ ಒಂದು ಚಿಕ್ಕ ಜಿಪ್ ಜೇಬು ಇರುವುದನ್ನೇ ನೋಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹತ್ತಿದರೆ ತೋರಿಸಲು ಗುರುತಿನ ಚೀಟಿ ಬೇಕು. ತೀರ್ಥಹಳ್ಳಿ, ಹೊಸನಗರದ ಕಡೆ ಖಾಸಗಿ ಬಸ್ಸು ಹತ್ತಿದರೆ ಚಿಲ್ಲರೆ ಬೇಕು. ಎರಡೂ ಆ ಜೇಬಿನಲ್ಲಿರಲಿ. ಇದರ ದೋಷವೆಂದರೆ ಸಾಮಾನು ಕಡಿಮೆ ಹಿಡಿಯುತ್ತದೆ. ಜೊತೆಗೆ ಹಾಲುಣಿಸುವ ತಾಯಿಗೆ ಎದೆ ತುಂಬಿದ ಹೊತ್ತಿನಲ್ಲಿ ಆ ಪಟ್ಟಿ ಒತ್ತಿ ನೋವಾಗುತ್ತದೆ. ಪಟ್ಟಿ ಎರಡು ಬೆರಳಿಗಿಂತ ಅಗಲವಾಗಿರಲಿ, ಉದ್ದ ಹೆಚ್ಚುಕಡಿಮೆ ಮಾಡಲು ಬರುವಂತಿರಲಿ.

ಒಂದೇ ಹೆಗಲಿನ ದೊಡ್ಡ ಟೋಟ್ ಬ್ಯಾಗ್ ನೋಡಲು ಚೆಂದ. ಮಗುವನ್ನು ಎತ್ತಲು ಬಗ್ಗಿದಾಗಲೆಲ್ಲ ಹೆಗಲಿನಿಂದ ಜಾರುತ್ತದೆ, ಬಾಯಿ ತೆರೆದೇ ಇರುವುದರಿಂದ ಮಳೆ ನೇರವಾಗಿ ಒಳಕ್ಕೆ. ಮನೆ ಬಾಗಿಲಿನಿಂದ ಕಾರು, ಕಾರಿನಿಂದ ಕಚೇರಿ ಬಾಗಿಲು ಎನ್ನುವವರಿಗೆ ಮಾತ್ರ ಸರಿ.

ಬಿಚ್ಚಿದರೆ ಹಾಸಿಗೆಯಾಗುವ ಚೀಲ ಬೇಡ. ಭಾರ, ನೆನೆದರೆ ಒಣಗದು, ಮೇಲಾಗಿ ಮಗುವನ್ನು ಮಲಗಿಸಬೇಕಾದ್ದು ಮಟ್ಟಸವಾದ ಗಟ್ಟಿ ಹಾಸಿನ ಮೇಲೆ.

ಪ್ಲಾಸ್ಟಿಕ್ ವೈರಿನ ಬುಟ್ಟಿಯನ್ನು ಯಾರೂ ಈ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಸೇರಿಸಬೇಕು. ನೆಟ್ಟಗೆ ನಿಲ್ಲುತ್ತದೆ, ಫ್ಲಾಸ್ಕು ವಾಲುವುದಿಲ್ಲ, ನೀರು ಹಿಡಿಯುವುದಿಲ್ಲ, ಕೊಡವಿದರೆ ಒಣಗಿತು. ಒಳಗೆ ಜಿಪ್ ಇರುವ ಎರಡು ಪೌಚ್ ಇಟ್ಟುಕೊಂಡರೆ ಬೇಬಿ ಸಿಟ್ಟಿಂಗಿಗೆ ಬಿಡಲು ಬಹಳ ಒಳ್ಳೆಯ ಚೀಲ.

ಸ್ಕೂಟರಿನವರಿಗೆ ಬೇರೆ ಲೆಕ್ಕ

2023ರ ಫೆಬ್ರವರಿ 15ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮದಂತೆ, 9 ತಿಂಗಳಿನಿಂದ 4 ವರ್ಷದ ಮಗುವನ್ನು ದ್ವಿಚಕ್ರ ವಾಹನದಲ್ಲಿ ಒಯ್ಯುವಾಗ ಸುರಕ್ಷತಾ ಪಟ್ಟಿ ಮತ್ತು ಹೆಲ್ಮೆಟ್ ಕಡ್ಡಾಯ, ವೇಗ ಗಂಟೆಗೆ 40 ಕಿಲೋಮೀಟರ್ ಮೀರಕೂಡದು. ಆ ಪಟ್ಟಿ ಮಗುವಿನ ಮೈಗೆ ಅಂಗಿಯಂತೆ ಕಟ್ಟಿ, ಅದರ ಕುಣಿಕೆ ಓಡಿಸುವವರ ಹೆಗಲಿಗೆ ಬರುತ್ತದೆ. ಅಲ್ಲಿಗೆ ನಿಮ್ಮ ಹೆಗಲೂ ಬೆನ್ನೂ ಮಗುವಿನದಾಯಿತು. ಬ್ಯಾಕ್‌ಪ್ಯಾಕ್ ಹಾಕಲು ಎಡೆಯಿಲ್ಲ. ಚೀಲ ಕಾಲಿಡುವ ಜಾಗದಲ್ಲಿ ನಿಲ್ಲಬೇಕು. ಅಗಲ ಕಡಿಮೆಯಿರುವ, ತಳ ಗಟ್ಟಿಯಿರುವ, ಮೇಲೆ ಚಿಕ್ಕ ಹಿಡಿಕೆಯಿರುವ ಚೀಲ ಕೊಂಡು, ಹಿಡಿಕೆಯನ್ನು ಸ್ಕೂಟರಿನ ಕೊಕ್ಕೆಗೆ ಸಿಕ್ಕಿಸಿ. ಉದ್ದ ಪಟ್ಟಿಗಳನ್ನು ಬಿಚ್ಚಿ ಒಳಗಿಡಿ. ಜೋತುಬಿದ್ದ ಪಟ್ಟಿ ಚಕ್ರಕ್ಕೆ ಸಿಕ್ಕಿದರೆ ದೊಡ್ಡ ಅಪಾಯ. 9 ತಿಂಗಳಿಗಿಂತ ಚಿಕ್ಕ ಮಗುವನ್ನು ಸ್ಕೂಟರಿನಲ್ಲಿ ಒಯ್ಯಲೇಬೇಡಿ, ಆಟೋ ಹಿಡಿಯಿರಿ.

ಮಳೆಗಾಲದ ಪರೀಕ್ಷೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಶಿವಮೊಗ್ಗ ನಗರದಲ್ಲಿ ಅದರ ಸಣ್ಣ ಪಾಲು ಮಾತ್ರ. ಒಂದೇ ಜಿಲ್ಲೆಯ ಎರಡು ಊರಿಗೆ ಒಂದೇ ಚೀಲವನ್ನು ಹೇಳುವುದು ತಪ್ಪು. ಭದ್ರಾವತಿ, ಶಿವಮೊಗ್ಗದವರಿಗೆ ದಪ್ಪ ಹತ್ತಿಯ ಕ್ಯಾನ್ವಾಸ್ ಚೀಲ ನಡೆದೀತು. ಹೊಸನಗರ, ತೀರ್ಥಹಳ್ಳಿ, ಆಗುಂಬೆ ಸೀಮೆಯಲ್ಲಿ ಪುನರ್ವಸು, ಪುಷ್ಯ ಮಳೆ ಹಿಡಿದರೆ ಕ್ಯಾನ್ವಾಸ್ ಒಣಗುವುದೇ ಇಲ್ಲ, ಮೂಲೆಮೂಲೆಯಲ್ಲಿ ಬೂಷ್ಟು. ರೆಕ್ಸಿನ್ ಒರೆಸಿದರೆ ಹೋಗುತ್ತದೆ ಎನ್ನುತ್ತಾರೆ, ಆದರೆ ತೇವಕ್ಕೆ ಅದರ ಮೇಲ್ಪದರ ಸುಲಿಯುತ್ತದೆ, ಆ ಚೂರು ಮಗುವಿನ ಬಾಯಿಗೆ ಹೋಗುತ್ತದೆ. ಮಲೆನಾಡಿಗೆ ಪಾಲಿಯೆಸ್ಟರ್ ಅಥವಾ ನೈಲಾನ್ ಬಟ್ಟೆಯೇ ಸರಿ.

ಅಂಗಡಿಯಲ್ಲಿ ಬಟ್ಟೆಯ ಒಳಮೈ ತಿರುಗಿಸಿ ನೋಡಿ. ನೀರು ತಡೆಯುವ ಲೇಪ ಇದ್ದರೆ ತೆಳ್ಳಗೆ ಹೊಳೆಯುತ್ತದೆ. ಅಂಗಡಿಯವರನ್ನು ಕೇಳಿ, ಎರಡು ಹನಿ ನೀರು ಹಾಕಿ: ಮಣಿಯಾಗಿ ಉರುಳಿದರೆ ಸರಿ, ಹೀರಿದರೆ ಬೇಡ. ಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ನೀರು ನುಗ್ಗುವುದು ಹೊಲಿಗೆಯಿಂದ, ಜಿಪ್ಪಿನಿಂದ. ಜಿಪ್ಪಿನ ಮೇಲೆ ಬಟ್ಟೆಯ ಮಡಿಕೆ ಮುಚ್ಚಿರಬೇಕು. ಮಳೆ ತಡೆಯುತ್ತದೆ ಎಂದು ಚೀಟಿ ಅಂಟಿಸಿದ್ದರೂ ಒಂದು ಗಂಟೆಯ ಜಡಿಮಳೆಗೆ ಅದನ್ನು ನಂಬಬೇಡಿ. ತಾಯಿ ಕಾರ್ಡು, ಒಣ ಬಟ್ಟೆ, ಡೈಪರು ಮೂರೂ ಬೇರೆ ಬೇರೆ ಜಿಪ್ ಕವರಿನಲ್ಲಿರಲಿ. ಒಳಗಿನ ಅಸ್ತರಿ ತಿಳಿ ಬಣ್ಣದ್ದಾಗಿರಲಿ. ಕಪ್ಪು ಅಸ್ತರಿಯಲ್ಲಿ ಬೂಷ್ಟೂ ಕಾಣದು, ಒಳಗೆ ಸೇರಿಕೊಂಡ ಇರುವೆಯೂ ಕಾಣದು.

ಮನೆಗೆ ಬಂದ ಕೂಡಲೆ ಚೀಲ ಪೂರ್ತಿ ಖಾಲಿ ಮಾಡಿ, ಬಾಯಿ ತೆರೆದು ತಲೆಕೆಳಗಾಗಿ ತೂಗುಹಾಕಿ. ಬಚ್ಚಲೊಲೆಯ ಮೇಲಿನ ಗಳಕ್ಕೆ ಲಂಗೋಟಿ ಹಾಕುವಂತೆ ಪಾಲಿಯೆಸ್ಟರ್ ಚೀಲ ಹಾಕಬೇಡಿ; ಕಾವಿಗೆ ಲೇಪ ಕೆಡುತ್ತದೆ, ಹೊಗೆಯ ವಾಸನೆ ಹೋಗುವುದಿಲ್ಲ. ಫ್ಯಾನಿನ ಗಾಳಿ ಸಾಕು. ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಮುಗ್ಗಲು ವಾಸನೆಗೆಂದು ಮಗುವಿನ ಚೀಲದಲ್ಲಿ, ಬಟ್ಟೆಯಲ್ಲಿ ನುಸಿ ಗುಳಿಗೆ ಇಡಲೇಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುತ್ತದೆ. ಅಂಥ ಮಗುವಿಗೆ ನುಸಿ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ತಾಗಿದರೆ ಕೆಂಪು ರಕ್ತಕಣಗಳು ಒಡೆದು ಕಾಮಾಲೆ, ರಕ್ತಹೀನತೆ ಬರುತ್ತದೆ. ತಪಾಸಣೆ ಮಾಡಿಸದೆ ಯಾವ ಮಗುವಿಗೆ ಆ ಕೊರತೆ ಇದೆ ಎಂದು ತಿಳಿಯದು.

ಬಟ್ಟೆಯ ಲಂಗೋಟಿಯೋ, ಬಳಸಿ ಎಸೆಯುವ ಡೈಪರೋ ಎಂಬುದೂ ಚೀಲದ ಗಾತ್ರವನ್ನು ನಿರ್ಧರಿಸುತ್ತದೆ. ಮನೆಯಲ್ಲಿ ಲಂಗೋಟಿ, ದಾರಿಯಲ್ಲಿ ಡೈಪರ್ ಎಂಬ ಏರ್ಪಾಡು ಮಳೆಗಾಲಕ್ಕೆ ಹೊಂದುತ್ತದೆ. ಲಂಗೋಟಿಯನ್ನೇ ಒಯ್ಯುವವರು ಲೇಪವಿರುವ ಬಟ್ಟೆಯ ‘ವೆಟ್ ಬ್ಯಾಗ್’ ಒಂದನ್ನು ಕೊಳ್ಳಿ, ಒದ್ದೆಯೂ ವಾಸನೆಯೂ ಹೊರಬಾರದು. ಬಳಸಿದ ಡೈಪರನ್ನು ಹಳೆಯ ಪೇಪರಿನಲ್ಲಿ ಸುತ್ತಿ ಮನೆಗೇ ತನ್ನಿ, ಕಸದ ಗಾಡಿಗೆ ಬೇರೆಯಾಗಿ ಕೊಡಿ. ಬಸ್ಸಿನ ಕಿಟಕಿಯಿಂದ ಎಸೆದದ್ದು ಚರಂಡಿ ಹಿಡಿದು ತುಂಗೆಗೆ ಸೇರುತ್ತದೆ.

ಹಾಲು, ಬಿಸಿನೀರು, ತಂಪಿನ ಖಾನೆ

ಬೆಳ್ಳಿ ಬಣ್ಣದ ಅಸ್ತರಿಯ ಖಾನೆ ತಾನಾಗಿ ತಂಪು ಮಾಡುವುದಿಲ್ಲ. ಒಳಗಿಟ್ಟದ್ದು ಬೇಗ ಬಿಸಿಯಾಗದಂತೆ ತಡೆಯುತ್ತದೆ ಅಷ್ಟೆ. ಹಿಂಡಿದ ಎದೆಹಾಲು 25 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಹೆಪ್ಪುಗಟ್ಟಿದ ಐಸ್ ಪ್ಯಾಕ್ ಜೊತೆ ಒಳ್ಳೆಯ ತಂಪುಚೀಲದಲ್ಲಿ 24 ಗಂಟೆಯವರೆಗೆ ಇರುತ್ತದೆ. ಶ್ರಾವಣದಲ್ಲಿ ತೀರ್ಥಹಳ್ಳಿಯ ಹವೆ ಈ ಲೆಕ್ಕಕ್ಕೆ ಹತ್ತಿರ. ಏಪ್ರಿಲಿನ ಶಿವಮೊಗ್ಗದಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುವಾಗ ಐಸ್ ಪ್ಯಾಕ್ ಇಲ್ಲದೆ ಹಾಲು ಒಯ್ಯಕೂಡದು. ಕಚೇರಿಯಲ್ಲಿ ಫ್ರಿಜ್ ಇದ್ದರೆ ದುಬಾರಿ ಖಾನೆಯ ಚೀಲ ಬಿಟ್ಟು, ಟಿಫಿನ್ ಒಯ್ಯುವ ಚಿಕ್ಕ ತಂಪುಚೀಲ ಬೇರೆಯಾಗಿ ಕೊಳ್ಳಿ. ಹಾಲು ಚೆಲ್ಲಿದರೆ ಅದನ್ನಷ್ಟೇ ತೊಳೆದರಾಯಿತು.

ಪುಡಿ ಹಾಲು ಕೊಡುವವರು ಕಲಸಿ ಒಯ್ಯಬೇಡಿ. ಅಳೆದ ಪುಡಿ ಒಂದು ಡಬ್ಬಿಯಲ್ಲಿ, ಕುದಿಸಿದ ನೀರು ಫ್ಲಾಸ್ಕಿನಲ್ಲಿ. ಕಲಸುವಾಗ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು, ಆಮೇಲೆ ಆರಿಸಿ ಕುಡಿಸಬೇಕು, ಎರಡು ಗಂಟೆಯೊಳಗೆ ಮುಗಿಯಬೇಕು. ಹಾಗಾಗಿ ಫ್ಲಾಸ್ಕು ನೆಟ್ಟಗೆ ನಿಲ್ಲುವ ಪಕ್ಕದ ಜೇಬು ಇದೆಯೇ ನೋಡಿ. ಅಂಗಡಿಗೆ ಹೋಗುವಾಗ ನಿಮ್ಮ ಫ್ಲಾಸ್ಕನ್ನೇ ಒಯ್ದು ಇಟ್ಟು ನೋಡುವುದು ಒಳ್ಳೆಯದು.

ಅಂಗಡಿಯಲ್ಲಿ

ಶಿವಮೊಗ್ಗದ ಗಾಂಧಿ ಬಜಾರಿನಲ್ಲೋ ನೆಹರೂ ರಸ್ತೆಯಲ್ಲೋ ಕೈಯಲ್ಲಿ ಹಿಡಿದು ಕೊಳ್ಳಿ ಎಂದೇ ನನ್ನ ಸಲಹೆ. ಎರಡು ಲೀಟರ್ ನೀರಿನ ಬಾಟಲಿ ಒಳಗಿಟ್ಟು ಹೆಗಲಿಗೆ ಹಾಕಿಕೊಳ್ಳಿ. ಎಡಗೈಯಲ್ಲಿ ಮಗು ಇದೆ ಎಂದುಕೊಂಡು ಬಲಗೈ ಒಂದರಲ್ಲೇ ಜಿಪ್ ಎಳೆಯಿರಿ, ಒಂದು ವಸ್ತು ತೆಗೆಯಿರಿ, ಮತ್ತೆ ಮುಚ್ಚಿ. ಆಗದಿದ್ದರೆ ಆ ಚೀಲ ಬಿಡಿ, ಎಷ್ಟೇ ಅಗ್ಗಕ್ಕೆ ಸಿಕ್ಕರೂ. ಖಾಲಿ ಚೀಲವೇ ಒಂದು ಕಿಲೋ ತೂಗುತ್ತಿದ್ದರೆ ಅದೂ ಬೇಡ.

ಮನೆಯವರನ್ನೂ ಕರೆದೊಯ್ಯಿರಿ. ಅವರ ಹೆಗಲಿಗೂ ಪಟ್ಟಿ ಹೊಂದಬೇಕು, ಅವರಿಗೂ ಹೊತ್ತು ನಡೆಯಲು ಸಂಕೋಚವಾಗದ ಬಣ್ಣ ಇರಬೇಕು. ಯಾವ ಖಾನೆಯಲ್ಲಿ ಏನಿದೆ ಎಂದು ಅಪ್ಪನಿಗೂ ಅಜ್ಜಿಗೂ ಗೊತ್ತಿದ್ದರೆ, ನಿಮಗೆ ಮೀಟಿಂಗ್ ತಡವಾದ ದಿನ ಫೋನಿನ ಮೇಲೆ ಫೋನು ಬರುವುದಿಲ್ಲ. ರಾತ್ರಿ ಚೀಲ ತುಂಬಿಡುವ ಕೆಲಸವನ್ನು ಪೂರ್ತಿ ಅವರಿಗೇ ಒಪ್ಪಿಸಿ. ಬೆಳಗಿನ ತಿಂಡಿ, ಡಬ್ಬಿ, ಮಗುವಿನ ಸ್ನಾನದ ನಡುವೆ ಅದೊಂದಾದರೂ ನಿಮ್ಮ ತಲೆಯಲ್ಲಿ ಇರಬಾರದು.

ಅಕ್ಕನ ಮನೆಯಿಂದಲೋ ಸಹೋದ್ಯೋಗಿಯಿಂದಲೋ ಹಳೆಯ ಚೀಲ ಬರುವುದಾದರೆ ಖುಷಿಯಿಂದ ತೆಗೆದುಕೊಳ್ಳಿ. ಅಸ್ತರಿ ಹರಿದಿದೆಯೇ, ತಂಪಿನ ಖಾನೆಯ ಬೆಳ್ಳಿ ಹಾಳೆ ಕಿತ್ತಿದೆಯೇ, ಮೂಲೆಯಲ್ಲಿ ಬೂಷ್ಟಿನ ಕಲೆ ಇದೆಯೇ ನೋಡಿ. ಬೂಷ್ಟು ಸ್ಪಂಜಿನೊಳಗೆ ಇಳಿದಿದ್ದರೆ ಮಾತ್ರ ಬೇಡ ಎನ್ನಿ. ಜಿಪ್ ಕೂಡುತ್ತಿಲ್ಲ ಎಂದು ಒಳ್ಳೆಯ ಚೀಲವನ್ನು ಮೂಲೆಗೆ ಹಾಕಬೇಡಿ. ಹೆಚ್ಚಿನ ಸಲ ಹೋಗಿರುವುದು ಜಿಪ್ಪಿನ ಮೇಲೆ ಓಡುವ ರನ್ನರ್ ಮಾತ್ರ, ಬ್ಯಾಗ್ ರಿಪೇರಿಯವರು ಅದನ್ನು ಸ್ವಲ್ಪ ಹೊತ್ತಿನಲ್ಲೇ ಬದಲಿಸಿಕೊಡುತ್ತಾರೆ.